ಹಿಂದಕ್ಕೆ ಹೊರಳಿದ ದಾರಿ

ವೇದಿಕೆಯ ಮೇಲಿರುವ ಅಧ್ಯಕ್ಷರೇ, ಅತಿಥಿಗಳೇ, ಈ ಸೆಕೆಯಲ್ಲೂ ಸನ್ಮಾನದ ಶಾಲು ಹೊದ್ದು ಕುಳಿತಿರುವ ಡಾಕ್ಟರ್ ಕಾವೇರಿಯವರೇ, ಜಮಖಂಡಿಯ ಸಭಿಕರೇ,

ನಾನು ಯುವರಾಜ, ಹೈಸ್ಕೂಲಿನಲ್ಲಿ ಭೂಗೋಳ ಕಲಿಸುವವನು. ಡಾಕ್ಟರ್ ಕಾವೇರಿಯವರ ಗಂಡ ಎಂಬ ಒಂದೇ ಅರ್ಹತೆಯ ಮೇಲೆ ಎರಡು ಮಾತಾಡಲು ಹೇಳಿದ್ದೀರಿ. ಮನೆಯಲ್ಲಿ ನನಗೆ ಎರಡು ಮಾತು ಪೂರ್ತಿ ಮುಗಿಸುವ ಭಾಗ್ಯವಿಲ್ಲ. ಆದ್ದರಿಂದ ಇಲ್ಲಿ ತುಸು ಹೆಚ್ಚೇ ಆಡುತ್ತೇನೆ.

ಇವಳ ಸಂಶೋಧನೆ ಯಾವುದು? ಹೋಮೊಟೊಪಿ. ನಮ್ಮವ್ವ ಸಾತವ್ವ ಅದನ್ನು ಹೋಮಿಯೋಪತಿ ಎಂದುಕೊಂಡು ಮೊಣಕಾಲು ನೋವಿಗೆ ಗುಳಿಗೆ ಕೇಳಿದ್ದಳು. ಒಂದರೊಳಗೊಂದು ಸಿಕ್ಕಿಕೊಂಡ ಸಮೀಕರಣಗಳು ನೇರವಾಗಿ ಹೋದರೆ ಬಗ್ಗುವುದಿಲ್ಲ. ಆಗ ಉತ್ತರ ಗೊತ್ತಿರುವ ಸುಲಭದ ಲೆಕ್ಕವೊಂದನ್ನು ಹಿಡಿದು, ಚೂರುಚೂರೇ ಬದಲಿಸುತ್ತ ಅದನ್ನೇ ಕಷ್ಟದ ಲೆಕ್ಕವಾಗಿಸಬೇಕು. ಉತ್ತರವೂ ಜೊತೆಯಲ್ಲೇ ಸರಿಯುತ್ತ ಹೋಗುತ್ತದೆ; ಕಂಪ್ಯೂಟರು ಅದರ ಬೆನ್ನು ಹತ್ತುತ್ತದೆ. ಇಷ್ಟು ತಿಳಿಯಲು ನನಗೆ ಎರಡು ಬೇಸಿಗೆ ಬೇಕಾಯಿತು. ಭೂಗೋಳದವನಿಗೆ ಇದೇಕೆ? ಊಟಕ್ಕೆ ಕೂತಾಗ ಅವಳೊಡನೆ ಆಡಲು ಬೇರೆ ಮಾತೇ ಉಳಿದಿರಲಿಲ್ಲ, ಸ್ವಾಮೀ.

ಅವಳು ಹಿಡಿದದ್ದು ರಬಕವಿ-ಬನಹಟ್ಟಿಯ ವಿದ್ಯುತ್ ಮಗ್ಗಗಳ ಲೆಕ್ಕ. ಎಲ್ಲ ಮಗ್ಗ ಒಮ್ಮೆಲೇ ಶುರುವಾದರೆ ಲೈನಿನ ವೋಲ್ಟೇಜು ಎಲ್ಲಿಗೆ ಬಂದು ನಿಲ್ಲುತ್ತದೆ? ಕಂಪ್ಯೂಟರು ಮುಕ್ಕಾಲು ದಾರಿ ಹೋಗಿ, ಮೊಂಡೆತ್ತಿನಂತೆ ಕಾಲೂರಿ ನಿಲ್ಲುತ್ತಿತ್ತು. ವರ್ಷಗಟ್ಟಲೆ ನಿಂತಿತು. 2008ರಲ್ಲಿ ಪ್ರಬಂಧ ಒಪ್ಪಿಸುವ ಗಡುವು ಬಂತು. ಗೈಡ್ ಸಾಹೇಬರು ಈ ಲೆಕ್ಕ ಕೈಬಿಡಿ ಎಂದರು. ಬಸ್ಸಿಳಿದು ಬಂದವಳೇ ಚಪ್ಪಲಿಯನ್ನೂ ಬಿಡದೆ ಹೊಸ್ತಿಲಲ್ಲಿ ಕೂತಳು.

"ಬಿಟ್ಟಬಿಡ್ತೀನ್ರಿ. ನನ್ನ ತಲಿಗೆ ಇದು ಹತ್ತಂಗಿಲ್ಲ."

"ಬಿಡೂದಾದ್ರ ನಾಳಿ ಬಿಡು. ಮೊದಲ ಚಹಾ ಕುಡಿ," ಎಂದೆ.

ಮರುದಿನ ಅವಳು ಬಿಡಲಿಲ್ಲ. ಕಂಪ್ಯೂಟರು ನಿಲ್ಲುವ ಮುಂಚಿನ ಬಿಂದುಗಳನ್ನು ನೆಲದ ಮೇಲೆ ಗ್ರಾಫ್ ಹಾಳೆ ಹಾಸಿ ಗುರುತಿಸತೊಡಗಿದಳು. ಮಧ್ಯಾಹ್ನ ನನ್ನನ್ನು ಕೂಗಿದಳು.

"ಇಲ್ಲಿ ನೋಡ್ರಿ! ದಾರಿ ಮುಗದಿಲ್ಲ, ಹಿಂದಕ್ಕ ಹೊಳ್ಳೇತಿ. ನಾ ಅದಕ್ಕ ಬರೇ ಮುಂದ ಹೋಗು, ಮುಂದ ಹೋಗು ಅನ್ನಾಕತ್ತೀನಿ."

"ಹಿಂದ ಹೋದ್ರ ಹೊಂಟಲ್ಲೇ ಬರತೀಯಲ್ಲ?"

"ಇಲ್ಲರಿ, ಆ ದಾರಿ ಬ್ಯಾರೆ."

ಇನ್ನು ಮುಂದೆ ಕಂಪ್ಯೂಟರು ದಾರಿ ಹೊರಳಿದತ್ತಲೇ ಹೊರಳಬೇಕು ಎಂದು ಎಲ್ಲ ತಿದ್ದಿ ಬರೆದಳು. ಅದು ಒಂದಿಷ್ಟು ಹಿಂದೆ ಹೋಯಿತು, ಮತ್ತೆ ಮುಂದಕ್ಕೆ ತಿರುಗಿತು, ಕೊನೆ ಮುಟ್ಟಿತು. ಬೇರೊಂದು ಕಡೆಯಿಂದ ಹೊರಡಿಸಿದಳು. ಇನ್ನೊಂದು ಉತ್ತರವೂ ಸಿಕ್ಕಿತು. ಅವಳು ಕಿರುಚಿದ್ದಕ್ಕೆ ಅವ್ವ ಹಿಟ್ಟಿನ ಕೈಯಲ್ಲೇ ಓಡಿಬಂದಳು.

"ಏನಾತ ಬೇ?"

"ಉತ್ತರ ಬಂತ ಅತ್ತಿ!"

"ಎಷ್ಟ ಬಂತು?"

"ಎರಡು!"

"ಇಷ್ಟ ವರ್ಸ ಲೆಕ್ಕಾ ಮಾಡಿ ಬರೇ ಎರಡ?"

ನಗಿರಿ, ನಗಿರಿ. ಅವ್ವ ಮುಂದಿನ ಸಾಲಿನಲ್ಲೇ ಕೂತಿದ್ದಾಳೆ.

ಈ ಡಾಕ್ಟರೇಟಿನಲ್ಲಿ ನನ್ನ ಪಾಲೇನು ಎಂದು ಹಲವರು ಕೇಳಿದ್ದಾರೆ. ಏನೂ ಇಲ್ಲ. ಚಹಾ ಮಾಡಿದೆ. ಗಡುವಿನ ಆ ತಿಂಗಳು ಬೀಳಗಿ ಕಡೆಯ ಶಾಲೆಗೆ ಹೆಡ್‌ಮಾಸ್ತರನಾಗಿ ಹೋಗಲು ಬಡ್ತಿಯ ಆರ್ಡರು ಬಂದಿತ್ತು; ಒಲ್ಲೆ ಎಂದು ಬರೆದುಕೊಟ್ಟೆ. ಬಸ್ಸಿನ ಅನುಕೂಲವಿರಲಿಲ್ಲ, ಅಷ್ಟೇ. ಬೇರೆ ಕಾರಣವೇನೂ...

ಕಾವೇರಿ, ಹಾಗೇಕೆ ನೋಡುತ್ತೀ?

ಸಭಿಕರೇ, ಒಂದು ಸಣ್ಣ ತೊಂದರೆಯಾಗಿದೆ. ಆ ಆರ್ಡರು ರದ್ದಾಯಿತೆಂದು ನಾನು ಮನೆಯಲ್ಲಿ ಹೇಳಿದ್ದೆ. ಅವ್ವ, ನೀ ಯಾಕ ನಗತಿ? ನಿನಗ ಮೊದಲ ಗೊತ್ತಿತ್ತೇನು?

ಅಧ್ಯಕ್ಷರೇ, ಡಾಕ್ಟರು ಕಣ್ಣೊರೆಸಿಕೊಳ್ಳುತ್ತಿದ್ದಾರೆ. ಯಾರಾದರೂ ಆ ಶಾಲು ತೆಗೆಯಿರಿ, ಸೆಕೆ ಬಹಳ ಇದೆ. ಕೇಳಿದ ನಿಮಗೆಲ್ಲ ಋಣಿ. ಅವಳ ಪಕ್ಕದ ಕುರ್ಚಿ ಖಾಲಿ ಇದೆ, ನಾನು ಅಲ್ಲಿಗೆ ಹೋಗುತ್ತೇನೆ. ನಮಸ್ಕಾರ.