ಕೊನೆ ಹೇಳಬಾರದೆಂಬ ನಿಯಮ

ವೇದಿಕೆಯ ಮೇಲಿರುವ ಅಧ್ಯಕ್ಷರೇ, ಮುಖ್ಯ ಅತಿಥಿಗಳೇ, ನಮ್ಮ ಓದುಗರ ಬಳಗವನ್ನು ಹುಟ್ಟುಹಾಕಿದವರೂ ಇಂದಿನ ಸನ್ಮಾನಿತರೂ ನನ್ನ ಗಂಡನ ತಾಯಿಯೂ ಆದ ನಮ್ಮ ಅತ್ತೆಯವರೇ, ಹಾಗೂ ಕಾರ್ಯಕ್ರಮ ಮುಗಿಯಿತೆಂದು ಕುರ್ಚಿಯ ಕೆಳಗೆ ಕಾಲಿನಿಂದಲೇ ಚಪ್ಪಲಿ ಹುಡುಕುತ್ತಿರುವ ಸಭಿಕರೇ,

ವಂದನಾರ್ಪಣೆ ನನ್ನ ಪಾಲಿಗೆ ಬಂದಿದೆ. ವಂದನಾರ್ಪಣೆ ಎಂದರೆ ಸಭೆ ಎದ್ದು ಹೊರಡುವ ಹೊತ್ತು ಎಂದು ನನಗೂ ಗೊತ್ತು. ಆದರೂ ಸ್ವಲ್ಪ ಕೂತುಕೊಳ್ಳಿ. ನಾಳೆ ಬೆಳಿಗ್ಗೆ ನಮ್ಮ ಅತ್ತೆ ನನ್ನ ನಾದಿನಿಯ ಊರಿಗೆ ಹೊರಟಿದ್ದಾರೆ. ನಾಲ್ಕು ದಿನದ ಮಟ್ಟಿಗಲ್ಲ, ಇನ್ನು ಅಲ್ಲೇ ಇದ್ದುಬಿಡಲು. ಅದಕ್ಕೇ ಈ ಸನ್ಮಾನ, ಅದಕ್ಕೇ ಈ ಬೀಳ್ಕೊಡುಗೆ. ಅವರು ಯಾಕೆ ಹೋಗುತ್ತಿದ್ದಾರೆ? ಇವತ್ತು ಮಧ್ಯಾಹ್ನದವರೆಗೆ ನನಗೂ ಗೊತ್ತಿರಲಿಲ್ಲ. ಈಗ ಗೊತ್ತಾಗಿದೆ. ಗೊತ್ತಾದ ಮೇಲೆ ಬರೀ ವಂದನೆ ಹೇಳಿ ಇಳಿದುಹೋಗಲು ನನ್ನಿಂದ ಆಗುವುದಿಲ್ಲ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಬೇಗ ಬರುತ್ತೇನೆ ಸರ್, ಆದರೆ ಮೊದಲಿನಿಂದ ಬರಬೇಕು.

ನಾನು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳು. ಅತ್ತೆ ನ್ಯಾಯಾಲಯದಲ್ಲಿ ಟೈಪಿಸ್ಟ್ ಆಗಿದ್ದವರು. ಕಳ್ಳತನ, ಮೋಸ, ಕೊಲೆ ಎಲ್ಲವನ್ನೂ ಕಾರ್ಬನ್ ಹಾಳೆ ಇಟ್ಟು ಟೈಪ್ ಮಾಡಿ ನಿವೃತ್ತರಾದವರು. ಅಷ್ಟಾದ ಮೇಲೂ ಈ ಕರಾಳ ಅಪರಾಧ ಕಥೆಗಳ ಹುಚ್ಚು ಯಾಕೆ ಎಂದರೆ, "ನಿಜವಾದ ಕೊಲೆಗಾರರಿಗೆ ಬುದ್ಧಿ ಕಮ್ಮಿ ಕಣೇ. ಅವರ ಕಥೆ ಟೈಪ್ ಮಾಡೀ ಮಾಡೀ ಬೇಜಾರಾಗಿತ್ತು" ಎನ್ನುತ್ತಾರೆ.

ಮದುವೆಯಾದ ಹೊಸತರಲ್ಲಿ ಒಂದು ದಿನ ಅವರು ಊಟದ ಮೇಜಿನ ಮುಂದೆ ದಪ್ಪ ಪುಸ್ತಕ ಹಿಡಿದು ಕೂತಿದ್ದರು. ಬರೀ ವಿಷ ಹಾಕಿ ಕೊಲ್ಲುವವರ ಕಥಾಸಂಕಲನ. ನಾನು ಕಾಫಿ ತಂದಿಟ್ಟೆ. ಕನ್ನಡಕದ ಮೇಲಿನಿಂದ ನನ್ನನ್ನೊಮ್ಮೆ, ಲೋಟವನ್ನೊಮ್ಮೆ ನೋಡಿ, "ಇದರಲ್ಲಿ ಬರೋ ಪುಡಿ ನಿಮ್ಮ ಅಂಗಡೀಲಿ ಸಿಗುತ್ತಾ?" ಎಂದರು. ಸಿಗುವುದಿಲ್ಲ ಎಂದೆ. "ಕೇಳಿದವರಿಗೆಲ್ಲ ಹಾಗೇ ಹೇಳ್ತೀರೋ?" ಎಂದರು. ನಾನು ಲೋಟ ಎತ್ತಿ ಅವರೆದುರಿಗೇ ಅರ್ಧ ಕುಡಿದು ಮುಂದಿಟ್ಟೆ. ಅತ್ತೆ ಜೋರಾಗಿ ನಕ್ಕು, ಎಂಜಲು ಎನ್ನದೆ ಉಳಿದರ್ಧ ಕುಡಿದರು. ಆ ನಗು ಬರುವವರೆಗೆ ನಾನು ಆ ಮನೆಯಲ್ಲಿ ಉಸಿರು ಬಿಗಿಹಿಡಿದೇ ಓಡಾಡುತ್ತಿದ್ದೆ. ಸಂಜೆಗೆ ಆ ಪುಸ್ತಕ ನನ್ನ ಕೈಯಲ್ಲಿತ್ತು.

ಅಲ್ಲಿಂದ ಶುರು. ಒಂದೇ ಪುಸ್ತಕ, ಇಬ್ಬರು ಓದುವವರು. ಹಗಲು ಅವರದು, ಸಂಜೆ ನನ್ನದು. ಕಾದಂಬರಿ ನಮಗೆ ಆಗಿಬರುವುದಿಲ್ಲ, ಕೊಲೆಗಾರ ಸಿಗುವಷ್ಟರಲ್ಲಿ ಹಾಲು ಉಕ್ಕಿರುತ್ತದೆ. ಸಂಕಲನವಾದರೆ ಕುಕ್ಕರ್ ಕೂಗುವಷ್ಟರಲ್ಲಿ ಒಂದು ಕೊಲೆ ನಡೆದು, ಪತ್ತೆಯಾಗಿ, ಮನಸ್ಸು ಹಗುರಾಗಿರುತ್ತದೆ. ಇಷ್ಟು ಕರಾಳ ಕಥೆ ಓದಿದರೆ ಮನಸ್ಸು ಕೆಡುವುದಿಲ್ಲವೇ ಎಂದು ಮುಖ್ಯ ಅತಿಥಿಗಳು ಕೇಳಿದರು. ಮಾನ್ಯರೇ, ಒದ್ದೆ ಟವೆಲಿಗೂ ನಮ್ಮವರ ಅಂಗಿಯ ಗುಂಡಿಗೂ ಜಗಳ ಹತ್ತಿಕೊಳ್ಳುತ್ತಿದ್ದ ಮನೆ ನಮ್ಮದು. ಈಗ ಸಿಟ್ಟು ಬಂದರೆ ಅತ್ತೆ ಸಂಕಲನ ಎತ್ತಿಕೊಂಡು ಒಳಗೆ ಹೋಗುತ್ತಾರೆ. "ಪುಸ್ತಕದಲ್ಲಿ ಒಬ್ಬ ಸತ್ರೆ ಮನೇಲಿ ಒಂದು ಜಗಳ ಕಮ್ಮಿ" ಎನ್ನುವುದು ಅವರ ಲೆಕ್ಕ.

ನಮ್ಮಿಬ್ಬರ ನಡುವೆ ಇದ್ದ ನಿಯಮವೇ ಆಮೇಲೆ ಈ ಬಳಗದ ನಿಯಮವಾಯಿತು. ಇನ್ನೊಬ್ಬರು ಓದುವವರೆಗೆ ಕಥೆಯ ಕೊನೆ ಹೇಳಬಾರದು. ಹೋದ ವರ್ಷ ಕಣ್ಣಿನ ಡಾಕ್ಟರು ಬಾಯಿ ತಪ್ಪಿ ಹೇಳಿದ್ದಕ್ಕೆ ಅವರಿಗೆ ಆ ದಿನ ಬಿಸ್ಕತ್ತು ಕೂಡ ಸಿಗಲಿಲ್ಲ. ಅಲ್ಲಿ ಎರಡನೇ ಸಾಲಿನಲ್ಲಿ ನಗುತ್ತಿದ್ದಾರೆ ನೋಡಿ.

ಈ ಸಲದ ಸಂಕಲನ ಬಂದಾಗ ಅತ್ತೆಗೆ ಹೊಸ ಕನ್ನಡಕ ಬರುವುದು ತಡವಾಗಿ, ನಾನೇ ಮೊದಲು ಮುಗಿಸಿದೆ. ಕೊನೆಯ ಕಥೆ ಓದಿ ತಡೆಯಲಾರದೆ ನಮ್ಮ ಬಳಗದ ಕಾರ್ಯದರ್ಶಿಯವರಿಗೆ ಫೋನ್ ಮಾಡಿದೆ. ಅವರು ಆಗಲೇ ಓದಿದ್ದರು. "ಆ ಅತ್ತೆ ಮನೇಲಿರೋ ತನಕ ಯಾರಿಗೂ ನೆಮ್ಮದಿ ಇಲ್ಲ ರೀ. ಮೊದಲೇ ಎಲ್ಲಾದ್ರೂ ಸಾಗಹಾಕಬೇಕಿತ್ತು" ಎಂದೆ. ಒಣಗಿದ ಬಟ್ಟೆ ಎತ್ತಿಕೊಂಡು ಬಾಗಿಲಲ್ಲಿ ಅತ್ತೆ ನಿಂತಿದ್ದರಂತೆ. ಕೇಳಿಸಿಕೊಂಡು ಹಾಗೇ ಹಿಂದಕ್ಕೆ ಹೋದರಂತೆ.

ಮರುದಿನದಿಂದ ಅತ್ತೆಯ ಬಾಯಲ್ಲಿ ಒಂದೇ ಮಾತು, ಮಗಳಿಗೆ ಒಂಟಿತನ, ಮಗಳ ಮನೆಯಲ್ಲಿ ಲಿಫ್ಟ್ ಇದೆ, ಗಾಳಿ ಚೆನ್ನಾಗಿದೆ! ನನ್ನ ಮೇಲೆ ಬೇಜಾರೇ ಎಂದು ಕೇಳಿದರೆ, "ಏನೂ ಇಲ್ಲಮ್ಮ" ಎಂದು ಮೆತ್ತಗೆ ಉತ್ತರ. ನಮ್ಮ ಅತ್ತೆ ಮೆತ್ತಗೆ ಮಾತಾಡುವವರೇ ಅಲ್ಲ. ಇವತ್ತು ಇಲ್ಲಿಗೆ ಬರುವಾಗ ಸ್ಕೂಟರಿನ ಮೇಲೆ ನಮ್ಮವರು ಬಾಯಿಬಿಟ್ಟರು. "ಅಮ್ಮನ್ನ ಸಾಗಹಾಕಬೇಕು ಅಂತ ಫೋನಲ್ಲಿ ಅಂದ್ಯಂತೆ?" ನಾನು ಸ್ಕೂಟರಿನಿಂದ ಬೀಳುವುದೊಂದು ಬಾಕಿ.

ಬಂದವಳೇ ವೇದಿಕೆಯ ಹಿಂದೆ ಓಡಿ, "ಅತ್ತೆ, ಅದು ಕೊನೇ ಕಥೆ ಬಗ್ಗೆ ಹೇಳಿದ್ದು!" ಎಂದೆ. "ಕಥೆ ಅಂದ್ರೆ ನಂಬೋಕೆ ನಾನೇನು ಎಳೆ ಮಗೂನಾ? ಸಾಕ್ಷಿ ಎಲ್ಲಿ?" ಎಂದರು. ಕೋರ್ಟಿನಲ್ಲಿದ್ದವರಲ್ಲವೇ! ಹೇಳುತ್ತೇನೆ ಕೇಳಿ ಎಂದು ಬಾಯಿ ತೆರೆದರೆ, ಎರಡೂ ಕಿವಿ ಮುಚ್ಚಿಕೊಂಡು, "ನಾನಿನ್ನೂ ಓದಿಲ್ಲ, ಹೇಳಿದ್ರೆ ನೋಡು" ಎಂದರು. ಸಾಕ್ಷಿ ಹೇಳಬೇಕೆಂದರೆ ಕೊನೆ ಹೇಳಬೇಕು. ಕೊನೆ ಹೇಳಬಾರದೆಂದರೆ ಅತ್ತೆ ಊರು ಬಿಡಬೇಕು. ನಾನು ಏನು ಮಾಡಲಿ, ಹೇಳಿ?

ಆದ್ದರಿಂದ ಓದದೇ ಇರುವವರು ದಯವಿಟ್ಟು ಕಿವಿ ಮುಚ್ಚಿಕೊಳ್ಳಿ. ಅಧ್ಯಕ್ಷರೇ, ನೀವೂ. ಅತ್ತೆ, ನೀವು ಮಾತ್ರ ಕೈ ಇಳಿಸಿ.

ಆ ಕಥೆಯಲ್ಲಿ ಒಂದು ಮನೆ. ಮಾಳಿಗೆಯ ಕೋಣೆಗೆ ಬಾಡಿಗೆಗೆ ಬಂದವರು ಒಬ್ಬೊಬ್ಬರಾಗಿ ಸಾಯುತ್ತಾರೆ. ಊರಿಗೆಲ್ಲ ಸೊಸೆಯ ಮೇಲೆ ಅನುಮಾನ. ಆದರೆ ಕೊಲ್ಲುತ್ತಿರುವುದು ಅತ್ತೆ! ಅದು ಗೊತ್ತಿದ್ದೂ ಸೊಸೆ ಬಾಯಿ ಮುಚ್ಚಿಕೊಂಡಿರುತ್ತಾಳೆ, ಕೊನೆಗೆ ಅದೇ ಅತ್ತೆಯ ಕೈಯಲ್ಲಿ ತಾನೂ ಸಾಯುತ್ತಾಳೆ. ನಾನು ಸಾಗಹಾಕಬೇಕಿತ್ತು ಎಂದದ್ದು ಆ ಕೊಲೆಗಾರ್ತಿಯನ್ನು. ಕಾರ್ಯದರ್ಶಿಯವರೇ, ಹೌದೋ ಅಲ್ಲವೋ? ನೋಡಿ ಅತ್ತೆ, ತಲೆ ಆಡಿಸುತ್ತಿದ್ದಾರೆ.

ನಿಮ್ಮನ್ನು ಕಳಿಸಬೇಕೆಂದು ನನಗೆ ಎಂದೂ ಅನ್ನಿಸಿಲ್ಲವೇ? ಮೊದಲ ವರ್ಷ ವಾರಕ್ಕೊಮ್ಮೆ ಅನ್ನಿಸುತ್ತಿತ್ತು. ನಿಮಗೂ ನನ್ನನ್ನು ತವರಿಗೆ ಅಟ್ಟಬೇಕು ಅನ್ನಿಸಿರಲೇಬೇಕು, ಇಲ್ಲ ಎನ್ನಬೇಡಿ. ಆದರೆ ಈಗ? ಅಂಗಡಿಯಲ್ಲಿ ದಿನವಿಡೀ ಜನರ ಕೆಮ್ಮು, ಹೊಟ್ಟೆನೋವು ಕೇಳಿ ಮನೆಗೆ ಬಂದರೆ, ಚಪ್ಪಲಿ ಬಿಡುವ ಮೊದಲೇ "ಏಳನೇದು ಓದಿದ್ಯಾ? ಯಾರ ಮೇಲೆ ಅನುಮಾನ?" ಎಂದು ಕೇಳುವವರು ಇನ್ಯಾರಿದ್ದಾರೆ? ನಿಮ್ಮ ಮಗನಿಗೆ ಎರಡನೇ ಪ್ಯಾರಾಕ್ಕೆ ಗೊರಕೆ. ಹೆತ್ತಮ್ಮ ಬದುಕಿದ್ದಾಗ ಅವಳ ಹತ್ತಿರವೂ ನಾನು ಇಷ್ಟು ಮಾತಾಡಿದವಳಲ್ಲ. ಇದನ್ನು ಮನೆಯಲ್ಲಿ ಹೇಳಲು ನನಗೆ ಬರಲಿಲ್ಲ, ಮೈಕಿನಲ್ಲಿ ಹೇಳುತ್ತಿದ್ದೇನೆ. ನೀವು ಹೋಗಬೇಡಿ ಅತ್ತೆ.

ಕ್ಷಮಿಸಿ, ಒಂದು ನಿಮಿಷ. ನೀರು ಕುಡಿಯುತ್ತೇನೆ.

ಅತ್ತೆ ಕೂತಲ್ಲಿಂದಲೇ ಏನೋ ಹೇಳಿದರು. ಅವರ ಮುಂದೆ ಮೈಕಿಲ್ಲ, ಹಿಂದಿನ ಸಾಲಿನವರಿಗೆ ಕೇಳಿಸಿರಲಿಕ್ಕಿಲ್ಲ. "ಅಷ್ಟು ಒಳ್ಳೇ ಕಥೆ ಹಾಳು ಮಾಡಿದ್ಯಲ್ಲೇ. ನಡಿ ಮನೆಗೆ, ಮಾಡ್ತೀನಿ ನಿಂಗೆ" ಎಂದರು.

ಸಭಿಕರೇ, ನಡಿ ಮನೆಗೆ ಎಂದರು!

ಇನ್ನು ವಂದನೆಗಳು. ಸಭಾಂಗಣ ಕೊಟ್ಟ ಗ್ರಂಥಾಲಯದವರಿಗೆ, ಕುರ್ಚಿ ಹಾಕಿದವರಿಗೆ, ಸಾಕ್ಷಿ ನುಡಿದ ಕಾರ್ಯದರ್ಶಿಯವರಿಗೆ, ಕಿವಿ ಮುಚ್ಚಿಕೊಂಡಂತೆ ಮಾಡಿ ಬೆರಳ ಸಂದಿಯಲ್ಲಿ ಎಲ್ಲವನ್ನೂ ಕೇಳಿಸಿಕೊಂಡ ಅಧ್ಯಕ್ಷರಿಗೆ, ಎದ್ದು ಹೋಗದೆ ಕೂತ ನಿಮಗೆಲ್ಲರಿಗೂ ನಾನು ಋಣಿ. ಬೀಳ್ಕೊಡುಗೆಗೆಂದು ಬಂದವರು ತಪ್ಪು ತಿಳಿಯಬೇಡಿ, ಬೀಳ್ಕೊಡುಗೆ ರದ್ದಾಗಿದೆ. ಬೈಸಿಕೊಳ್ಳುವುದು ಬೆಟ್ಟದಷ್ಟಿದೆ, ನಾನೂ ನಮ್ಮ ಅತ್ತೆಯೂ ಮನೆಗೆ ಹೊರಟೆವು. ನಮಸ್ಕಾರ.