ಹಗ್ಗದ ಕೆಳಗಿನ ತುದಿ

ಗಜೇಂದ್ರಗಡದ ಬಸ್‌ಸ್ಟ್ಯಾಂಡಿನಲ್ಲಿ ಕೂತರೆ ನರೇಗಲ್ ಸಂತೆಯ ಪಿಸುಮಾತೂ ತನಗೆ ಕೇಳಿಸುತ್ತದೆ ಎಂದಳು ಬಾಳವ್ವ. ಅರ್ಧ ಸುಳ್ಳೆಂದು ತಾನೇ ನಕ್ಕಳು. ಆದರೆ ಇವತ್ತಿನದು ಪಕ್ಕದ ಕಟ್ಟೆಯ ಮೇಲೆಯೇ ನಡೆದದ್ದು ಎಂದು ನೆರೆಮನೆಯ ನೀಲಾಳಿಗೆ ಹೇಳತೊಡಗಿದಳು.

ಶಾಲೆ, ಕಚೇರಿಗಳ ಅಂಗಳದ ಮರಗಳ ಟೊಂಗೆ ಸವರುವ ಹನಮಪ್ಪ, ತವರಿಗೆ ಹೋಗಿ ಕೂತಿದ್ದ ಹೆಂಡತಿ ಗಾಳೆವ್ವ. ನಡುವೆ ಊರ ಕೋಟೆಗೆ ಮೂರು ಸುತ್ತು ಬರುವಷ್ಟು ಹಗ್ಗ.

“ನಾಳೆ ಸಾಲಿ ಹುಣಸಿಗಿಡದ ಟೊಂಗಿ ಕಡದು ಹಗ್ಗದಾಗ ಇಳಸಬೇಕು. ಕೆಳಗ ಹಂಚಿನ ಮಾಡು ಐತಿ.”

“ಹಗ್ಗ ಹಿಡ್ಯಾಕ ಆಳ ಹಚ್ಕೋರಿ.”

“ಹಚ್ಚಿದ್ನಿ. ಮೊಬೈಲ್ ನೋಡ್ಕೋತ ಹಿಡೀತಾನ.”

“ನನ್ನ ಕಡೆ ಮೊಬೈಲ್ ಇಲ್ಲಂತ ಕರ್ಯಾಕ ಬಂದ್ರೇನು?”

“ನೀ ಹಿಡದ್ರ ನಾ ಕೆಳಗ ನೋಡೂದಿಲ್ಲ.”

“ಮನ್ಯಾಗೂ ನೋಡೂದಿಲ್ಲ. ಇಷ್ಟು ವರ್ಷ ನನ್ನ ಕೂಡ ಆಡಿದ್ದು ಎರಡ ಮಾತು. ಗಿಡದ ಮ್ಯಾಲಿಂದ ‘ಹಿಡಿ’, ‘ಬಿಡು’. ಇಳದ್ರ ಅದೂ ಇಲ್ಲ.”

ಹನಮಪ್ಪ ಹಗ್ಗದ ಸಿಂಬಿ ಸರಿಮಾಡಿದ.

“ಇಳದ ಮ್ಯಾಲ ಏನ ಆಡಬೇಕೋ ತಿಳಿಯೂದಿಲ್ಲ.”

“ಕಲೀರಿ.”

ಅವರ ಊರಿನ ದಾರಿಯ ನರೇಗಲ್ ಬಸ್ಸು ಬಂತು. ಅವನು ಹಗ್ಗ ಹೆಗಲಿಗೇರಿಸಿ ಮೆಟ್ಟಿಲು ಹತ್ತಿದ. ಹಗ್ಗ ಬಿಗಿಯಿತು. ಕೆಳಗೆ ಜೋತುಬಿದ್ದ ತುದಿ ಗಾಳೆವ್ವನ ಕೈಯಲ್ಲಿತ್ತು. ಕಂಡಕ್ಟರ್ ಸೀಟಿ ಊದಿದ. ಹನಮಪ್ಪ ತಿರುಗಿ ನೋಡಿ ಒಂದು ಮಾತು ಆಡಿದ. ಅವಳು ಎದ್ದು ಬಸ್ಸು ಹತ್ತಿದಳು.

“ಹಿಡಿ ಅಂದ್ನೋ, ಬಿಡು ಅಂದ್ನೋ?” ಎಂದಳು ನೀಲಾ.

ಬಾಳವ್ವ ಎಲೆಗೆ ಸುಣ್ಣ ಸವರಿದಳು.

“ಎರಡೂ ಅಲ್ಲ. ಒಂದ ಅಕ್ಷರದ ಮಾತು. ನಮ್ಮನಿಯವ್ರು ಸಾಯೂತನಕ ನನಗ ಆ ಮಾತು ಅನ್ನಲಿಲ್ಲ. ಏನಿರಬೇಕು, ನೀನ ಹೇಳು.”