ಚಾಕುವಿನಲ್ಲಿ ಕೊಯ್ದ ಜೊಂಡು

ಸಂತ ಬ್ರಿಜಿಡಳ ಹಬ್ಬದ ಹಿಂದಿನ ದಿನ, ಕಿಲ್ಡೇರ್ ಊರಿಗೆ ಹೋಗುವ ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನಲ್ಲಿ ಹೆಣಿಗೆ ಬಳಗದ ಇಬ್ಬರು ಹೆಂಗಸರಿದ್ದರು. ಹಬ್ಬಕ್ಕೆ ಜೊಂಡಿನ ಶಿಲುಬೆ ಹೆಣೆಯುವ ಬಳಗದ ಕೂಟಕ್ಕೆ ಹೊರಟಿದ್ದರು. ಚಿಕ್ಕವಳ ತೊಡೆಯ ಮೇಲೆ ಒದ್ದೆ ಜೊಂಡಿನ ದೊಡ್ಡ ಕಟ್ಟಿತ್ತು.

“ಡಿಂಪ್ನಕ್ಕಾ, ಒಂದು ತಪ್ಪಾಗೋಗಿದೆ.”

“ಏನೇ ಸೋರ್ಚಾ, ಮುಖ ಹೀಗೆ ಬಿಳುಚ್ಕೊಂಡಿದೆ?”

“ಶಿಲುಬೆ ಹೆಣೆಯೋ ಜೊಂಡನ್ನ ಕೈಯಲ್ಲೇ ಕೀಳ್ಬೇಕಲ್ವಾ? ನಾನು ಬ್ರೆಡ್ಡಿನ ಚಾಕುವಲ್ಲಿ ಕೊಯ್ದುಬಿಟ್ಟೆ. ಎಲ್ಲಾನೂ.”

“ಅಯ್ಯೋ ಪುಣ್ಯಾತ್ಗಿತ್ತಿ!”

“ಚಳಿಗೆ ಕೈ ಮರಗಟ್ಟಿತ್ತು. ಬಳಗ ನಡೆಸೋ ಅಟ್ರಾಕ್ಟಮ್ಮ ಬುಡ ನೋಡಿದ್ರೆ ಎಲ್ಲರೆದುರು ವಾಪಸ್ ಕಳಿಸ್ತಾರೆ. ಮೊದಲ್ನೇ ಸಲ ನನ್ನ ನಂಬಿ ಈ ಕೆಲಸ ಕೊಟ್ಟಿದ್ರು.”

“ಸಾಯ್ತಿದ್ದ ಒಡೆಯನ ಪಕ್ಕ ಕೂತು, ನೆಲಕ್ಕೆ ಹಾಸಿದ್ದ ಜೊಂಡು ಎತ್ಕೊಂಡು ಬ್ರಿಜಿಡ್ ಮೊದಲ ಶಿಲುಬೆ ಹೆಣೆದ್ಲು, ಅಲ್ವಾ?”

“ಹೌದು, ಪ್ರತಿ ವರ್ಷ ಅಟ್ರಾಕ್ಟಮ್ಮನೇ ಆ ಕಥೆ ಹೇಳ್ತಾರೆ.”

“ಅದನ್ನ ಕಿತ್ತಿದ್ರೋ ಕೊಯ್ದಿದ್ರೋ ಅಂತ ಬ್ರಿಜಿಡ್ ಕೇಳಿದ್ಲಾ?”

“ಬ್ರಿಜಿಡ್ ಕೇಳ್ಲಿಲ್ಲ. ಅಟ್ರಾಕ್ಟಮ್ಮ ಕೇಳ್ತಾರೆ!”

ಡಿಂಪ್ನಾ ಸೀಟು ಅಲುಗಾಡುವಂತೆ ನಕ್ಕಳು. “ಹೋದ ವರ್ಷ ಜೊಂಡು ತಂದಿದ್ದು ಯಾರು?”

“ಅವರೇ.”

“ಅವಳ ಮಣಿಕಟ್ಟು ನೋವು ಶುರುವಾಗಿ ಆರು ವರ್ಷ ಆಯ್ತು ಕಣೇ. ಕೀಳೋಕಾಗ್ದೆ ನನ್ನ ಗಂಡನ ಕುಡುಗೋಲಲ್ಲೇ ಕೊಯ್ಯೋದು ಅವಳು. ಕೊಯ್ದಿದ್ದು ಗೊತ್ತಾಗ್ದಿರ್ಲಿ ಅಂತ ಬುಡಕ್ಕೆ ಕೆಸರು ಮೆತ್ತೋದು ನಾನು.”

ಸೋರ್ಚಾ ಕಟ್ಟಿನ ಮೇಲೆ ತಲೆಯಿಟ್ಟು ನಕ್ಕಳು. ಕಣ್ಣೊರೆಸಿಕೊಂಡು ಮತ್ತೆ ನಕ್ಕಳು. “ನಿನ್ನೆ ರಾತ್ರಿಯೆಲ್ಲಾ ನಿದ್ದೆ ಇಲ್ಲ ನಂಗೆ!”

“ಏಳು, ನಮ್ಮ ಸ್ಟಾಪು ಬಂತು. ಕೂಟ ನಡೆಯೋ ಕಟ್ಟಡದ ಹಿಂದೆ ಕೆಸರಿನ ಹಳ್ಳ ಇದೆ.”

ಬಸ್ಸು ಹೊರಟಾಗ, ಇಬ್ಬರೂ ಒಬ್ಬರ ತೋಳು ಒಬ್ಬರು ಹಿಡಿದು, ಒಳ್ಳೆಯ ಶೂಗಳಲ್ಲೇ ಹಳ್ಳಕ್ಕೆ ಇಳಿಯುತ್ತಿದ್ದರು.